ಮಡಿಯಲ್ಲಿದ್ದ ಭಾಮಾ ಮೇಡಂ

ಭಾಮಾ ಮಡಿಯುಟ್ಟರೆ ಕಲೆಕ್ಟರೇ ಬಂದರೂ ಅಡಿಗೆಮನೆಯ ಹೊಸ್ತಿಲಾಚೆ ನಿಂತೇ ಮಾತಾಡಬೇಕು. ಅಂದು ಅವರ ಅತ್ತೆಯ ಶ್ರಾದ್ಧ. ಹಜಾರದಲ್ಲಿ ಗಂಡ ರಾಮಪ್ರಸಾದ್ ಪುರೋಹಿತರ ಜೊತೆ ಕೂತಿದ್ದರು, ಒಳಗೆ ಭಾಮಾ ವಡೆ ತಟ್ಟುತ್ತಿದ್ದರು. ಹೊಸ್ತಿಲ ಈಚೆ ನೆಲದ ಮೇಲೆ ಸೊಸೆ ಪದ್ಮಪ್ರಿಯಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಬೆವರುತ್ತಿದ್ದಳು.

ಬೆವರದೆ ಏನು ಮಾಡಿಯಾಳು? ತಮಿಳು ಸೀಮೆಯ ಶರವಣಂಪಟ್ಟಿಯ ಕಂಪನಿಯಲ್ಲಿ ಹನ್ನೆರಡು ವರ್ಷ ದುಡಿದು ಭಾಮಾ ಕಟ್ಟಿದ ವ್ಯವಸ್ಥೆ ಅದು. ಆಸ್ಪತ್ರೆಗಳ ಲ್ಯಾಬಿನಿಂದ ಹೊರಟ ರಕ್ತಪರೀಕ್ಷೆಯ ವರದಿಗಳನ್ನು ಮೂರು ಸರ್ವರುಗಳು ಕೈಯಿಂದ ಕೈಗೆ ದಾಟಿಸಿ ಡಾಕ್ಟರ ಮೊಬೈಲಿಗೆ ಮುಟ್ಟಿಸಬೇಕು. ಭಾಮಾ ನಿವೃತ್ತರಾದ ಮೇಲೆ ಅದೇ ಕಂಪನಿಯಲ್ಲಿದ್ದ ಸೊಸೆಯ ಪಾಲಿಗೆ ಅದು ಬಂದಿತ್ತು. ಈಗ ಬೆಳಿಗ್ಗೆಯಿಂದ ವರದಿಗಳು ನಡುದಾರಿಯಲ್ಲಿ ನಿಂತಿವೆ. ಹನ್ನೊಂದರೊಳಗೆ ಸರಿಹೋಗದಿದ್ದರೆ ಭಾಮಾ ಮೇಡಂ ಅವರನ್ನೇ ವಾಪಸ್ ಕರೆದು ಅವರ ಕೈಗೆ ಒಪ್ಪಿಸುತ್ತೇನೆ ಎಂದು ಮ್ಯಾನೇಜರ್ ಮೋಹನ್‌ರಾಜ್ ಫೋನಿನಲ್ಲಿ ಮೆತ್ತಗೆ ಹೇಳಿದ್ದರು. ಅದಕ್ಕಿಂತ ನಾಲ್ಕು ಬೈಗುಳವೇ ವಾಸಿ ಎನಿಸಿತ್ತು ಪದ್ಮಪ್ರಿಯಾಗೆ. ಆ ಕೆಲಸವೆಂದರೆ ಅತ್ತೆಗೆ ಎಷ್ಟು ಜೀವ ಎಂಬುದೂ ಅವಳಿಗೆ ಗೊತ್ತಿತ್ತು. ಇವತ್ತಿಗೂ ಊಟಕ್ಕೆ ಕೂತರೆ ಅವರು ಮೊದಲು ಕೇಳುವುದು ಸರ್ವರುಗಳ ಯೋಗಕ್ಷೇಮ, ಮಗನದು ಆಮೇಲೆ.

“ಪ್ರಾಸೆಸ್ ಪಟ್ಟಿ ತೆಗಿ,” ಒಳಗಿಂದ ಭಾಮಾ ತಮಿಳು ಬೆರೆಸಿ ಅಂದರು. “ಯಾವುದರ ಮುಂದೆ ಜಾಸ್ತಿ ಮೆಸೇಜ್ ಕೂತಿದೆ, ಸೊಲ್ಲು.”

ಪದ್ಮಪ್ರಿಯಾ ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದಳು. ವರದಿ ದಾಟಿಸಲೆಂದು ಸರ್ವರುಗಳಲ್ಲಿ ಓಡುತ್ತಿದ್ದ ಪುಟ್ಟ ಪ್ರೋಗ್ರಾಮುಗಳು, ಆ ಪ್ರಾಸೆಸ್‌ಗಳೆಲ್ಲ, ಸಾಲಾಗಿ ಬಂದು ನಿಂತವು; ಒಂದೊಂದರ ಮುಂದೆ ಅದು ಇನ್ನೂ ದಾಟಿಸಬೇಕಾದ ವರದಿಗಳ ಲೆಕ್ಕ.

“ಒಂದರ ಮುಂದೆ ಎಂಟುನೂರ ನಲವತ್ತು ಇದೆ ಅತ್ತೆ. ಬಾಕಿ ಎಲ್ಲಾ ಸೊನ್ನೆ.”

“ಅಷ್ಟೇ ತಾನೆ? ಅದನ್ನ ಕೊಂದ್ಬಿಡು. ಹೊಸದು ತಾನೇ ಹುಟ್ಟತ್ತೆ. ಸೀಕ್ರಂ, ಎಣ್ಣೆ ಕಾಯ್ತಿದೆ.”

ಬೆರಳು ಕೀಲಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಸತ್ತ ಪ್ರಾಸೆಸ್ ತನ್ನ ಮುಂದಿನ ರಾಶಿಯನ್ನೂ ಜೊತೆಗೇ ಒಯ್ಯುತ್ತದೆ. ಅತ್ತೆಯ ಕಾಲದಲ್ಲಿ ಡಿಸ್ಕಿನಲ್ಲಿ ಒಂದು ಪ್ರತಿ ಉಳಿಯುತ್ತಿತ್ತು. ವೇಗ ಬೇಕೆಂದು ಹೋದ ತಿಂಗಳು ಕಂಪನಿ ಅದನ್ನು ತೆಗೆಸಿತ್ತು. ಈಗ ಕೊಂದರೆ ಎಂಟುನೂರ ನಲವತ್ತು ಜನರ ವರದಿ ಮಾಯ.

“ಬೇಡ ಅತ್ತೆ.” ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರಿಗೆ ಅವಳು ಬೇಡ ಎಂದದ್ದು ಇದೇ ಮೊದಲು. “ಈಗ ಪ್ರತಿ ಉಳಿಯಲ್ಲ. ಇದು ಕೆಟ್ಟಿಲ್ಲ, ಬೇರೆ ಯಾವುದಕ್ಕೋ ಕಾಯ್ತಿದೆ. ಯಾವುದಕ್ಕೆ ಅಂತ ನೋಡ್ತೀನಿ.”

ಭಾಮಾ ಹಿಟ್ಟಿನ ಕೈಯಲ್ಲೇ ಹೊಸ್ತಿಲ ತನಕ ಬಂದು ಕತ್ತು ಚಾಚಿದರು. ಕನ್ನಡಕವಿಲ್ಲದೆ ಅವರಿಗೆ ಏನೂ ಕಾಣಿಸಲಿಲ್ಲ.

ಪದ್ಮಪ್ರಿಯಾ ಜಾಡು ಹಿಡಿದು ಮೂರನೆಯ ಸರ್ವರಿಗೆ ಹೋದಳು. ಅಲ್ಲೊಂದು ಸಣ್ಣ ಪ್ರಾಸೆಸ್, ಬೆಳಿಗ್ಗೆ ಆರೂವರೆಗೇ ಕಡಿದುಹೋದ ಸಂಪರ್ಕದಿಂದ ಉತ್ತರ ಬರುತ್ತದೆಂದು ಇನ್ನೂ ಪಾಪದ ಪ್ರಾಣಿಯಂತೆ ಕೂತಿತ್ತು. ಅದರ ಮುಂದೆ ಸಂದೇಶವೇ ಇಲ್ಲದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೊಡ್ಡ ರಾಶಿಯದು ಕಾಯುತ್ತಿದ್ದದ್ದು ಇದಕ್ಕೇ. ಅವಳು ಅದೊಂದನ್ನೇ ಕೊಂದಳು. ಹೊಸದು ಹುಟ್ಟಿತು. ಎಂಟುನೂರ ನಲವತ್ತು ಇದ್ದದ್ದು ಆರುನೂರಾಯಿತು, ಮುನ್ನೂರಾಯಿತು, ಹನ್ನೆರಡಾಯಿತು. ಅವಳು ಗಟ್ಟಿಯಾಗಿ ಓದುತ್ತ ಸೊನ್ನೆಗೆ ಬಂದು ನಿಲ್ಲಿಸಿದಳು.

ಭಾಮಾ ಒಲೆಯ ಕಡೆ ತಿರುಗಿ ಕಾದ ಎಣ್ಣೆಗೆ ವಡೆ ಬಿಟ್ಟರು. ಮನಸ್ಸಿಗೆ ನೋವು ಮಾಡಿಬಿಟ್ಟೆನೇ ಎಂದು ಪದ್ಮಪ್ರಿಯಾ ಅವರ ಬೆನ್ನನ್ನೇ ನೋಡಿದಳು.

ಫೋನ್ ಬಂತು. ಸ್ಪೀಕರಿನಲ್ಲಿ ಮೋಹನ್‌ರಾಜ್ ಖುಷಿಯಿಂದ, ಮೇಡಂ ಹೇಳಿಕೊಟ್ಟರಾ ಎಂದು ತಮಿಳಿನಲ್ಲಿ ಕೇಳಿದರು. ಹೌದು ಎಂದುಬಿಟ್ಟರೆ ಆ ಕೆಲಸ ಅತ್ತೆಗೆ ವಾಪಸಾಗುತ್ತದೆ. ಆಗಲಿ, ಅವರ ಮುಖ ಅರಳಿದರೆ ಸಾಕು ಎನಿಸಿ ಅವಳು “ಆಮಾ ಸಾರ್” ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಒಳಗಿನಿಂದ ಭಾಮಾರ ಗಟ್ಟಿ ದನಿ ತಮಿಳಿನಲ್ಲೇ ಬಂತು. “ತಂಬಿ, ನಾನು ಹೇಳಿದ ಹಾಗೆ ಮಾಡಿದ್ದಿದ್ದರೆ ಎಂಟುನೂರ ನಲವತ್ತು ವರದಿಯೂ ಹೋಗಿರುತ್ತಿತ್ತು. ಇನ್ನು ಮೇಲೆ ಅವಳನ್ನೇ ಕೇಳಪ್ಪ.”