ನಾನು ತೊಳೆದ ತೊಟ್ಟಿ

ಹಣ್ಣಿನ ಗೋದಾಮಿನಲ್ಲಿ ಹತ್ತೊಂಬತ್ತು ವರ್ಷ ಹಣ್ಣು ತೊಳೆಯುವ ತೊಟ್ಟಿಗಳ ಉಸ್ತುವಾರಿ ನನ್ನದಾಗಿತ್ತು. ಕೆಲಸದವರು ಬೆನ್ನ ಹಿಂದೆ ಬ್ಲೀಚಿಂಗಮ್ಮ ಎನ್ನುತ್ತಿದ್ದರು. ನನಗೇನೋ ಅದು ಬಿರುದು ಕೊಟ್ಟಂತೆಯೇ ಇತ್ತು.

ತಂಗಿ ಅದೇ ಗೋದಾಮಿನ ಮಹಡಿಯ ಪ್ರಯೋಗಾಲಯದಲ್ಲಿದ್ದಳು. ಒಮ್ಮೆ ಕೊಳೆತ ಕಿತ್ತಳೆಗಳ ರಾಶಿಯಲ್ಲಿ ಒಂದೇ ಒಂದು ಹಣ್ಣು ಬೂಷ್ಟು ಹಿಡಿಯದೆ ಉಳಿದದ್ದು ಅವಳ ಕಣ್ಣಿಗೆ ಬಿತ್ತು. ಅದರ ಸಿಪ್ಪೆಯ ಮೇಲಿದ್ದ ಬ್ಯಾಕ್ಟೀರಿಯಾವನ್ನು ನಾಲ್ಕು ವರ್ಷ ಸೀಸೆಗಳಲ್ಲಿ ಸಾಕಿದಳು. ಅದನ್ನು ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಯಾವ ಹಣ್ಣಿಗೂ ಬೂಷ್ಟು ಬರುವುದಿಲ್ಲ ಎಂಬುದು ಅವಳ ನಂಬಿಕೆ. ಮಾಲೀಕರು ಒಂದೇ ಪರೀಕ್ಷೆಗೆ ಒಪ್ಪಿದರು. ಸೋತರೆ ಪ್ರಯೋಗಾಲಯಕ್ಕೆ ಬೀಗ.

"ಅಕ್ಕ, ತೊಟ್ಟೀನ ಬರೀ ನೀರಲ್ಲಿ ತೊಳಿ. ಬ್ಲೀಚಿಂಗ್ ಬಿದ್ರೆ ನನ್ನವೆಲ್ಲ ಸತ್ತೋಗ್ತವೆ," ಎಂದಳು.

ಹೂಂ ಎಂದೆ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಜನ ತಿನ್ನುವ ಹಣ್ಣು, ಬ್ಲೀಚಿಂಗ್ ಕಾಣದ ತೊಟ್ಟಿಯಲ್ಲಿ ಅದ್ದುವುದೇ? ನಾಳೆ ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ಹೆಸರು ಕೆಡುವುದು ಅವಳದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಎರಡು ಹಿಡಿ ಬ್ಲೀಚಿಂಗ್ ಪುಡಿ ಹಾಕಿ ಕೈಯಾರೆ ಉಜ್ಜಿದೆ. ಸರಿಯಾಗಿ ಜಾಲಿಸುವಷ್ಟರಲ್ಲಿ ಅವಳು ಸೀಸೆಗಳೊಂದಿಗೆ ಬಂದೇಬಿಟ್ಟಳು. ಆ ವಾಸನೆ ಗೋದಾಮಿನ ಗೋಡೆಗೋಡೆಗೂ ಇತ್ತು, ಅವಳಿಗೆ ಅನುಮಾನ ಬರಲಿಲ್ಲ.

ಮೂರು ವಾರ ಕಳೆದು, ಅಂದು ಅದ್ದಿ ತುಂಬಿಟ್ಟ ಹಣ್ಣಿನ ಪೆಟ್ಟಿಗೆ ತೆರೆದರೆ ಒಳಗೆಲ್ಲ ಹಸಿರು ಬೂಷ್ಟು. ಮಾಲೀಕರು ಮುಖ ಸಿಂಡರಿಸಿಕೊಂಡು ಹೋದರು.

"ತೊಟ್ಟೀಗೆ ಏನೂ ಹಾಕಿರ್ಲಿಲ್ಲ ತಾನೇ ಅಕ್ಕ?"

ಸುತ್ತ ನನ್ನ ಕೈಕೆಳಗಿನ ಹೆಂಗಸರೆಲ್ಲ ನಿಂತಿದ್ದರು. "ಇಲ್ಲ," ಎಂದುಬಿಟ್ಟೆ. ಅವಳು ಮರುಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ ಎಂದು ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಮೂರನೆಯ ದಿನ, ಆದದ್ದಾಗಲಿ, ಹೇಳಿಬಿಡೋಣ ಎಂದು ಮಹಡಿ ಹತ್ತಿದೆ. ಅವಳು ಬೇಡವಾದ ಸೀಸೆಗಳನ್ನು ಬೇಯಿಸಿ ಒಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವ ದೊಡ್ಡ ಕುಕ್ಕರಿನ ಮುಂದೆ ನಿಂತಿದ್ದಳು. ಸೀಸೆಗಳಿದ್ದ ಕಪಾಟು ಖಾಲಿಯಾಗಿತ್ತು.

"ಒಂದಾದ್ರೂ ಇಟ್ಕೊಂಡಿದ್ದೀಯೇನೆ?" ಎಂದೆ.

"ಇಲ್ಲಕ್ಕ, ಎಲ್ಲಾ ಒಳಗೆ ಹಾಕ್ದೆ. ಬೆಂದು ಆಯ್ತು." ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಬೇರೆ ಯಾರಾದ್ರೂ ತೊಟ್ಟಿ ತೊಳೆದಿದ್ರೆ ಅವ್ರ ಮೇಲೆ ಅನುಮಾನ ಪಟ್ಟು ಇನ್ನೊಂದ್ಸಲ ಮಾಡಿ ನೋಡ್ತಿದ್ದೆ. ತೊಳೆದಿದ್ದು ನೀನಲ್ವಾ."