ಸೊಳ್ಳೆಪರದೆಯ ಮದುವಣಗಿತ್ತಿ

ನಾಗರಬಾವಿಯ ಆ ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥ ವೆಂಕಟಗಿರಿಯವರಿಗೆ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಚಿತ್ರಕಾರನ ಹುಚ್ಚು. ಕುದುರೆ ರೇಸು, ಕಡಲತೀರ, ರೈಲ್ವೆ ಸ್ಟೇಷನ್ನು, ಎಲ್ಲಿ ಜನಜಂಗುಳಿಯೋ ಅಲ್ಲಿ ಆ ಇಂಗ್ಲಿಷಿನವನ ಕುಂಚ. ಗಂಟುಮೂಟೆಯವರು, ಅಳುವ ಮಕ್ಕಳು, ಜೇಬುಗಳ್ಳರು, ಒಬ್ಬರನ್ನೂ ಬಿಡದೆ ಒಂದೇ ಕ್ಯಾನ್ವಾಸಿಗೆ ತುರುಕುತ್ತಿದ್ದ. ಬೆಳಗಿನ ಮೆಜೆಸ್ಟಿಕ್ ಬಸ್ಸಿಗೆ ಕಂಡಕ್ಟರು ಜನ ತುಂಬಿಸುವ ಹಾಗೆ. ಈ ಸಲದ ವಾರ್ಷಿಕೋತ್ಸವಕ್ಕೆ ಅವನ ರೈಲ್ವೆ ಸ್ಟೇಷನ್ನನ್ನೇ ಸ್ತಬ್ಧಚಿತ್ರ ಮಾಡಬೇಕೆಂದು ವೆಂಕಟಗಿರಿ ಹಟ ಹಿಡಿದರು. ಪರದೆ ಎದ್ದರೆ ಮುಗಿಯಿತು, ಅದು ಬೀಳುವ ತನಕ ವೇದಿಕೆಯ ಮೇಲೆ ಒಬ್ಬರೂ ಅಲುಗಾಡಬಾರದು.

ಚಿತ್ರದ ಒಂದು ಬದಿಯಲ್ಲಿ ರೈಲು ಹತ್ತಲು ಹೊರಟ ಮದುವಣಗಿತ್ತಿ. ಆ ಪಾತ್ರ ಉಪನ್ಯಾಸಕಿ ರಾಗಿಣಿಯ ಪಾಲಿಗೆ ಬಂತು. ಪಕ್ಕದಲ್ಲೇ, ಬೋಗಿಯ ಮೆಟ್ಟಿಲಿಗೆ ಕಾಲಿಟ್ಟ ಕಳ್ಳನನ್ನು ಇಬ್ಬರು ಪೊಲೀಸರು ಹಿಡಿಯುತ್ತಾರೆ. ಆ ಕಳ್ಳ ಕನ್ನಡ ವಿಭಾಗದ ಸುಘೋಷ್. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಮಿಕ್ಸಿಯವರೆಗೆ ಎಲ್ಲರ ದನಿ ತೆಗೆಯುವ ಮನುಷ್ಯ. ಅವನನ್ನು ಬಾಯಿ ಮುಚ್ಚಿಸಿ ನಿಲ್ಲಿಸುವುದಕ್ಕಿಂತ ದೊಡ್ಡ ಶಿಕ್ಷೆ ಕಾನೂನಿನಲ್ಲೂ ಇಲ್ಲ ಎಂದು ಸ್ಟಾಫ್ ರೂಮು ನಕ್ಕಿತು.

"ಮೇಡಂ, ನಿಮಗೆ ತಾಳಿ, ನನಗೆ ಬೇಡಿ," ಅಂದ ಸುಘೋಷ್. "ಬೇಡ ಅಂದ್ರೆ ಇಬ್ರನ್ನೂ ಬಿಡಲ್ಲ."

ರಾಗಿಣಿಗೆ ನಗು ಬರಲಿಲ್ಲ. ಚಂದ್ರಾ ಲೇಔಟಿನ ಮನೆಯ ಹಾಲಿನಲ್ಲಿ ಗಂಡಿನ ಕಡೆಯವರಿಗೆಲ್ಲ ಕೇಸರಿಬಾತು ಕೊಟ್ಟು, ತಲೆ ತಗ್ಗಿಸಿ ಕೂತು ಅವಳಿಗೆ ರೋಸಿಹೋಗಿತ್ತು. ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಎಂದು ತಾಯಿ ಅನಂತಲಕ್ಷ್ಮಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅಮ್ಮ ಎದುರಾಡದೆ ಒಪ್ಪಿದ್ದರು. ಆವತ್ತೇ ಅನುಮಾನ ಪಡಬೇಕಿತ್ತು.

ಪರದೆ ಎದ್ದಿತು. ಥರ್ಮಾಕೋಲಿನ ರೈಲು, ರಟ್ಟಿನ ಟೋಪಿಗಳು, ಮದುವಣಗಿತ್ತಿಯ ಮುಖದ ಮೇಲೆ ಕತ್ತರಿಸಿದ ಸೊಳ್ಳೆಪರದೆ. ಅದರ ಸಣ್ಣ ತೂತುಗಳಿಂದ ರಾಗಿಣಿಗೆ ಎರಡನೇ ಸಾಲು ಕಂಡಿತು. ಅಲ್ಲಿ ಅಮ್ಮ. ಉಟ್ಟದ್ದು ಸಾಸಿವೆ ಬಣ್ಣದ ಮೈಸೂರು ಸಿಲ್ಕು. ಅದು ಬೀರುವಿನಿಂದ ಹೊರಬರುತ್ತಿದ್ದುದು ಒಂದೇ ಕೆಲಸಕ್ಕೆ. ಮಡಿಲಲ್ಲಿ ಹಾಟ್‌ಪ್ಯಾಕು. ಪಕ್ಕದಲ್ಲಿ ದಪ್ಪ ಕನ್ನಡಕದ ಹೆಂಗಸು, ಆಕೆಯ ಪಕ್ಕ ಇಸ್ತ್ರಿ ಶರಟಿನ ಮಗ. ಅಮ್ಮ ಅವರಿಬ್ಬರಿಗೂ ಪೇಪರ್ ಕಪ್ಪಿನಲ್ಲಿ ಕೇಸರಿಬಾತು ಹಾಕಿಕೊಡುತ್ತಿದ್ದರು. ತುಪ್ಪ ಏಲಕ್ಕಿಯ ಘಮ ವೇದಿಕೆಗೂ ಬಂತು.

ಕೂರುವುದಿಲ್ಲ ಅಂದಿದ್ದಳಲ್ಲ, ನಿಲ್ಲಿಸಿದ್ದರು.

"ಬಿಳೀ ನೆಟ್ಟಲ್ಲಿರೋದಾ?" ಆ ಹೆಂಗಸಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ. "ಹೈಟು ಪರವಾಗಿಲ್ಲ. ಹೀಲ್ಸ್ ಹಾಕಿದಾಳೇನ್ರೀ?"

ಮಗ ಫೋನೆತ್ತಿ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದ. ಮನೆಯಲ್ಲಾಗಿದ್ದರೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಬಹುದಿತ್ತು, ಕಡೇಪಕ್ಷ ಮುಖ ತಿರುಗಿಸಬಹುದಿತ್ತು. ಇಲ್ಲಿ ಮೂಗಿನ ತುದಿ ಕಡಿಯುತ್ತಿದ್ದರೂ ಕೈ ಎತ್ತುವಂತಿಲ್ಲ. ಬೆನ್ನಲ್ಲಿ ಬೆವರು ಇಳಿಯಿತು. ಪಕ್ಕದಿಂದ ಸುಘೋಷ್ ತುಟಿ ಅಲುಗಿಸದೆ, ಥೇಟ್ ಆ ಹೆಂಗಸಿನ ದನಿಯಲ್ಲಿ, ಹುಡುಗಿಗೆ ಹಾಡೋಕೆ ಬರತ್ತಾ ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಪರದೆ ಬಿದ್ದೊಡನೆ ವೆಂಕಟಗಿರಿಯವರ ಬಳಿಗೆ ಹೋದಳು. ಅವರಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ಅನಂತಲಕ್ಷ್ಮಿಯೇ ಫೋನು ಮಾಡಿ, ಮಗಳಿಗೆ ಮದುವಣಗಿತ್ತಿಯ ಪಾತ್ರ ಕೊಡಿ, ಮುಂದೆ ನಿಲ್ಲಿಸಿ ಎಂದು ಕೇಳಿಕೊಂಡಿದ್ದರಂತೆ. ಒಳ್ಳೆಯ ಕೆಲಸ ತಾನೇ ಎಂದು ಇವರೂ ಒಪ್ಪಿದರಂತೆ. ಇಷ್ಟು ಹೇಳಿ ಇನ್ನೊಂದು ಸುದ್ದಿಯನ್ನೂ ಕೊಟ್ಟರು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಮುಖ್ಯ ಅತಿಥಿಗಳು ಈಗಷ್ಟೇ ಬಂದಿದ್ದಾರೆ. ಅವರಿಗಾಗಿ ಎಲ್ಲರೂ ಇನ್ನೊಮ್ಮೆ ನಿಲ್ಲಬೇಕು.

ಪರದೆಯ ಆಚೆಯಿಂದ ಅದೇ ಹೆಂಗಸಿನ ದನಿ ಕೇಳಿತು. "ಅಷ್ಟು ಹೊತ್ತು ಒಂಚೂರೂ ಅಲುಗಾಡ್ಲಿಲ್ಲ ನೋಡಿ. ನಮ್ಮನೆಗೆ ಇಂಥ ಹುಡುಗೀನೇ ಬೇಕಿತ್ತು. ತಾಂಬೂಲ ಯಾವತ್ತು ಇಟ್ಕೊಳೋಣ?"

ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಅದೂ ಎರಡನೇ ಸಾಲಿನ ಮುಂದೆ. ರಾಗಿಣಿ ಸೊಳ್ಳೆಪರದೆ ಕಿತ್ತು ತೆಗೆದಳು.

"ಸುಘೋಷ್, ನಿಮ್ಮ ಕೋಟು ಟೋಪಿ ಕೊಡಿ. ಇದನ್ನ ನೀವು ಹಾಕ್ಕೊಳಿ."

"ಯಾಕೆ?" ಎಂದ ಅವನು, ಅಪರೂಪಕ್ಕೆ ತನ್ನದೇ ದನಿಯಲ್ಲಿ. ಅವಳ ಮುಖ ನೋಡಿದವನು ಉತ್ತರಕ್ಕೆ ಕಾಯದೆ ಗುಂಡಿ ಬಿಚ್ಚಿದ.

ಎರಡನೇ ಸಲ ಪರದೆ ಎದ್ದಾಗ ಮದುವಣಗಿತ್ತಿಗೆ ಮೀಸೆ ಬಂದಿತ್ತು. ಸಭೆ ಘೊಳ್ಳೆಂದಿತು. ಮರೆಯಲ್ಲಿ ವೆಂಕಟಗಿರಿ ತಲೆಯ ಮೇಲೆ ಕೈ ಹೊತ್ತರು. ರಾಗಿಣಿ ಬೆರಳು ಮುಚ್ಚುವ ತೋಳಿನ ಕೋಟಿನಲ್ಲಿ, ಹುಬ್ಬಿನವರೆಗೂ ಇಳಿದ ರಟ್ಟಿನ ಟೋಪಿಯಲ್ಲಿ, ಪೊಲೀಸ್ ವೇಷದ ವಿದ್ಯಾರ್ಥಿನಿಯರ ಕೈಯಲ್ಲಿ ಸಿಕ್ಕಿಬಿದ್ದು ನಿಂತಿದ್ದಳು. ಅವರಲ್ಲಿ ಸಿಂಚನಾ ಎಂಬುವಳ ಹಿಡಿತ ನಿಜವಾದ ಪೊಲೀಸಿನದೇ.

"ಹುಡುಗಿ ಎಲ್ಲಿ ಹೋದ್ಳ್ರೀ?" ಅಂದರು ಕನ್ನಡಕದ ಹೆಂಗಸು.

ಅನಂತಲಕ್ಷ್ಮಿಯ ಕಣ್ಣು ಹುಡುಕತೊಡಗಿತು. ಕೂಲಿಗಳು, ಟ್ರಂಕುಗಳು, ಅಳುವ ಮಗುವಿನ ಬೊಂಬೆ, ಒಂದೊಂದನ್ನೇ ದಾಟಿ ಬಂದು ಆ ಟೋಪಿಯ ಕೆಳಗೆ ನಿಂತಿತು. ಬೇಡವೆಂದು ತಲೆಯಾಡಿಸಿದ್ದರೆ ಸಾಕಿತ್ತು, ರಾಗಿಣಿ ಆಡಿಸಲಿಲ್ಲ. ರೆಪ್ಪೆ ಬಡಿಯದೆ ಅಮ್ಮನನ್ನೇ ನೋಡಿದಳು. ತೋರಿಸಲೆಂದು ಅಮ್ಮನ ಬೆರಳು ಎದ್ದಿತು. ಆಮೇಲೆ ಮಗಳ ತೋಳುಗಳನ್ನು ಬಿಗಿಹಿಡಿದಿದ್ದ ಪೊಲೀಸರ ಕೈಗಳನ್ನು ಅವರು ಬಹಳ ಹೊತ್ತು ನೋಡಿದರು. ಎದ್ದ ಬೆರಳು ಹಾಟ್‌ಪ್ಯಾಕಿನ ಮುಚ್ಚಳಕ್ಕೆ ಇಳಿಯಿತು.

"ಕಾಣಿಸ್ತಿಲ್ಲ, ಶಶಿಕಲಾ ಅವರೇ," ಅಂದರು ಅಮ್ಮ. "ನೀವೂ ಇನ್ನು ಹುಡುಕೋದು ಬೇಡ." ಮುಚ್ಚಳ ತಿರುಗಿಸಿ ಭದ್ರ ಮಾಡಿದರು.

ಅಷ್ಟರಲ್ಲಿ ಪರದೆಯ ಹಗ್ಗ ಮೇಲೆಲ್ಲೋ ಸಿಕ್ಕಿಕೊಂಡಿತು. ಯಾರೂ ಅಲುಗಾಡಬೇಡಿ ಎಂದು ಮರೆಯಿಂದ ವೆಂಕಟಗಿರಿ ಹಲ್ಲು ಕಚ್ಚಿ ಹೇಳುತ್ತಿದ್ದರು. ರಾಗಿಣಿಯ ಎರಡು ಕಣ್ಣಲ್ಲೂ ನೀರು ತುಂಬಿ ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಕೈ ಬೇಕಿತ್ತು, ಸಿಂಚನಾ ಬಿಡಲಿಲ್ಲ.