ನೂರು ಹಾಸಿಗೆಯ ಕಾನೂನು

ಚುನಾವಣಾ ಸಭೆಯ ವೇದಿಕೆ ಮೇಲೆ ನಿಂತು ಡಾಕ್ಟರ್ ಸಿಲ್ವೆರಿಯೊ ಅವರ ಸಾಧನೆಗಳನ್ನು ಓದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಮೂರು ಮೂರು ವರ್ಷದ ಎರಡು ಅವಧಿ ಮುಗಿಸಿ ಅವರು ಮೂರನೇ ಸಲ ಸಂಸತ್ತಿಗೆ ನಿಂತಿದ್ದರು. ರಾಜಕೀಯಕ್ಕೆ ಹೋಗುವ ಮೊದಲು ಇಪ್ಪತ್ತು ವರ್ಷ ಸಮಾರ್ ದ್ವೀಪದ ನಮ್ಮ ಊರಿನ ಆಸ್ಪತ್ರೆಯಲ್ಲಿ ಅವರು ಡಾಕ್ಟರು, ನಾನು ನರ್ಸು. ಅವರ ಹಳೆಯ ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ನಾನೊಬ್ಬಳೇ.

ಆ ದಿನಗಳ ಬಗ್ಗೆ ನನಗೆ ತಕರಾರಿರಲಿಲ್ಲ. ಬಿರುಗಾಳಿಗೆ ಆಸ್ಪತ್ರೆಯ ಸೂರು ಹಾರಿಹೋದಾಗ ರೋಗಿಗಳನ್ನು ತಮ್ಮ ಮನೆಗೇ ಹೊತ್ತು ತಂದ ಮನುಷ್ಯ ಅವರು. ನನ್ನ ಮಗಳು ಹುಟ್ಟಿದ್ದು ಅವರ ಅಡುಗೆಮನೆಯಲ್ಲಿ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಅವರಿಲ್ಲದಿದ್ದರೆ ಅವಳೂ ಇಲ್ಲ, ನಾನೂ ಇಲ್ಲ.

ತಕರಾರು ಇದ್ದದ್ದು ಓದಲು ಕೊಟ್ಟ ಹಾಳೆಯ ಕೊನೆಯ ಸಾಲಿನ ಬಗ್ಗೆ. ನಮ್ಮ ಆಸ್ಪತ್ರೆಯನ್ನು ಇಪ್ಪತ್ತೈದರಿಂದ ನೂರು ಹಾಸಿಗೆಗೆ ಏರಿಸಿದ ಕಾನೂನು ಇವರದು ಎಂದಿತ್ತು. ಕಾನೂನು ಆಗಿದ್ದು ನಿಜ. ಗೇಟಿನ ಬೋರ್ಡಿಗೆ ಹೊಸ ಬಣ್ಣ ಬಂದದ್ದೂ ನಿಜ. ಹಾಸಿಗೆ ಮಾತ್ರ ಒಂದೂ ಬರಲಿಲ್ಲ. ಸರ್ಕಾರದ ಹತ್ತಿರ ದುಡ್ಡಿದ್ದಾಗ ಹಾಸಿಗೆ ಕೊಡುವುದು ಎಂದು ಕಾನೂನಿನಲ್ಲೇ ಬರೆದಿತ್ತಂತೆ. ಸುತ್ತಲಿನ ಊರುಗಳ ಆಂಬುಲೆನ್ಸಿನವರಿಗೆ ಅದೆಲ್ಲ ಏನು ಗೊತ್ತು? ಮೊದಲು ನೇರವಾಗಿ ನಗರದ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದ ರೋಗಿಗಳನ್ನು, ಇಲ್ಲೇ ನೂರು ಹಾಸಿಗೆ ಇದೆಯಲ್ಲ ಎಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋಗತೊಡಗಿದರು. ಮಂಚಕ್ಕೆ ಇಬ್ಬರು, ಉಳಿದವರಿಗೆ ನೆಲದ ಮೇಲೆ ರಟ್ಟು. ಹೋದ ತಿಂಗಳು ಮೀನುಗಾರ ಕ್ವಿರಿನೊ ಆ ರಟ್ಟಿನ ಮೇಲೆ ಮೂರು ದಿನ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟ.

ವೇದಿಕೆಯ ಹಿಂದೆ ಡಾಕ್ಟರನ್ನು ಹಿಡಿದೆ.

"ಡಾಕ್ಟ್ರೇ, ಈ ಸಾಲು ಹೊಡೆದುಹಾಕಿ. ನನ್ನ ಬಾಯಿಂದ ಬರಲ್ಲ."

"ಯಾಕೆ, ಕಾನೂನು ಸುಳ್ಳಾ?"

"ಕಾನೂನು ಸುಳ್ಳಲ್ಲ. ಹಾಸಿಗೆ ಸುಳ್ಳು."

ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಲುಮಿಂಗ್, ಆರು ವರ್ಷದಲ್ಲಿ ನೂರಾ ನಲವತ್ತು ಮಸೂದೆ ಮೇಲೆ ನನ್ನ ಹೆಸರಿದೆ. ಎಲ್ಲಾ ಬೇರೆಯವರು ಬರೆದಿದ್ದು, ನಾನು ಬರೀ ರುಜು ಹಾಕಿದ್ದು. ನಾನೇ ಕೂತು ಬರೆದಿದ್ದು ಇದೊಂದೇ. ಇದನ್ನೂ ಹೊಡೆದುಹಾಕಿದ್ರೆ, ಆಸ್ಪತ್ರೆ ಬಿಟ್ಟು ಹೋಗಿ ನಾನು ಮಾಡಿದ್ದಾದ್ರೂ ಏನು, ನೀನೇ ಹೇಳು."

ವೇದಿಕೆ ಹತ್ತಿದೆ. ಋಣ ಅನ್ನಿ, ಹೇಡಿತನ ಅನ್ನಿ, ಓದಿಬಿಟ್ಟೆ. ನೂರು ಹಾಸಿಗೆ ಎಂದಾಗ ಚಪ್ಪಾಳೆ ಜೋರಾಗಿಯೇ ಬಿತ್ತು.

ಕೆಳಗಿಳಿದರೆ ಕ್ವಿರಿನೊನ ಹೆಂಡತಿ ಪೆರ್ಪೆತ್ವಾ ಕಪ್ಪು ಬಟ್ಟೆ ತೊಟ್ಟು ಕಾಯುತ್ತಿದ್ದಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು.

"ಲುಮಿಂಗಕ್ಕ, ನೂರು ಹಾಸಿಗೆ ಇತ್ತಾ?" ಮೆಲ್ಲಗೆ ಕೇಳಿದಳು. "ನಂಗೆ ಗೊತ್ತೇ ಇರ್ಲಿಲ್ಲ. ಪಾಪ, ನೀವು ಒಂದೇ ಸಮ ಓಡಾಡ್ತಿದ್ರಿ. ತೊಂದರೆ ಕೊಡೋಕೆ ನಾಚಿಕೆ ಆಗಿ ಮೂರು ದಿನ ಬಾಯೇ ಬಿಡ್ಲಿಲ್ಲ. ಕೇಳಿದ್ರೆ ಕೊಡ್ತಿದ್ರಿ ಅಲ್ವಾ ಅಕ್ಕ?"

"ಇರ್ಲಿಲ್ಲ ಕಣೇ. ಒಂದೂ ಇರ್ಲಿಲ್ಲ. ನಿಂದೇನೂ ತಪ್ಪಿಲ್ಲ."

ಅವಳು ನನ್ನ ಕೈ ಸವರಿದಳು. "ಬಿಡಿ ಅಕ್ಕ, ನನ್ನ ಸಮಾಧಾನಕ್ಕೆ ಹೇಳ್ತಿದೀರಿ. ಈಗಿನ್ನೂ ಮೈಕಲ್ಲಿ ನೀವೇ ಓದಿದ್ರಲ್ಲ."

ಡಾಕ್ಟರು ನನ್ನ ಹಿಂದಿನ ಮೆಟ್ಟಿಲ ಮೇಲೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರ ಕಡೆ ತಿರುಗಿದೆ. ಹಾಸಿಗೆ ಇರಲಿಲ್ಲ ಎಂದು ಅವರು ಹೇಳಿದ್ದರೆ ಅವಳು ನಂಬುತ್ತಿದ್ದಳು. ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು ಮತ್ತೆ ವೇದಿಕೆ ಹತ್ತಿದರು.